ಎಚ್ಚರಿಸುವವರಿಗೆ ಎಚ್ಚರವಿದೆಯೇ?

ಹುಣಸೂರು ದಾಟಿ ಪಿರಿಯಾಪಟ್ಟಣದ ದಾರಿ ಹಿಡಿದರೆ ನಡುವೆ ಸಿಗುವ ಊರು ಕಂಪಲಾಪುರ. ಹೊಗೆಸೊಪ್ಪಿನ ಸೀಮೆ. ಹರಾಜು ಮಾರುಕಟ್ಟೆ ತೆರೆದಿರುವ ತಿಂಗಳುಗಳಲ್ಲಿ ಬೇಲುಗಳನ್ನು ಹೇರಿಕೊಂಡ ಗಾಡಿಗಳು ಇಲ್ಲಿ ಸಾಲುಗಟ್ಟುತ್ತವೆ. ಹಿಂದೆ ಕೂಗಿ ಹೇಳುತ್ತಿದ್ದ ಬೆಲೆಯನ್ನು ಈಗ ಖರೀದಿದಾರರು ಕೈಯಲ್ಲಿ ಹಿಡಿದ ಪುಟ್ಟ ಯಂತ್ರದಲ್ಲಿ ಒತ್ತುತ್ತಾರೆ. ಹಣ ರೈತನ ಕೈಗೆ ಬರುವುದಿಲ್ಲ, ಖಾತೆಗೆ ಹೋಗುತ್ತದೆ. ಹಾಲಿನ ಬಟವಾಡೆಯೂ ಹಾಗೆಯೇ, ಬೆಳೆಸಾಲವೂ ಹಾಗೆಯೇ, ವೃದ್ಧಾಪ್ಯ ವೇತನವೂ ಹಾಗೆಯೇ. ವರ್ಷದ ದುಡಿಮೆಗೆ ಸಾಕ್ಷಿಯಾಗಿ ರೈತನ ಬಳಿ ಉಳಿಯುವುದು ಮೊಬೈಲಿಗೆ ಬಂದ ಒಂದು ಸಾಲಿನ ಸಂದೇಶ ಮಾತ್ರ.

ಇಂಥ ಊರಿನ ಒಂದು ಹಣಕಾಸು ಸಂಸ್ಥೆಯ ಗೋಡೆಯ ಮೇಲೆ ನಾವು ಈಚೆಗೆ ಒಂದು ಫಲಕ ನೋಡಿದೆವು. ಸೈಬರ್ ವಂಚನೆಯ ಬಗ್ಗೆ ಜನಜಾಗೃತಿಯ ಫಲಕ. ‘ಓಟಿಪಿ ಯಾರಿಗೂ ಹೇಳಬೇಡಿ. ಅಪರಿಚಿತ ಲಿಂಕ್ ಒತ್ತಬೇಡಿ. ಅಪರಿಚಿತ ಕರೆ ನಂಬಬೇಡಿ.’ ಫಲಕದ ಕೆಳಗೇ ಗುಮಾಸ್ತರ ಮೇಜು. ಕಂಪ್ಯೂಟರಿನ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಲಾಗಿತ್ತು. ಅದರಲ್ಲಿ ಆ ಕಂಪ್ಯೂಟರಿನ ಪಾಸ್‌ವರ್ಡ್ ಇತ್ತು. ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ಫಲಕವನ್ನೂ ಚೀಟಿಯನ್ನೂ ನೋಡಿ ನಮ್ಮ ಕಡೆ ತಿರುಗಿ ಮೆಲ್ಲಗೆ ನಕ್ಕರು. “ನಮ್ಗೇನೋ ಯೋಳ್ತರೆ ಸಾಬ್ರೆ, ಅವ್ರ್ಗೆ ಯಾರ್ ಯೋಳೋರು?”

ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು.

ಫಲಕಗಳ ಭಾಷೆ

ಸೈಬರ್ ಜಾಗೃತಿಯ ಹೆಸರಿನಲ್ಲಿ ಈಗ ಕನ್ನಡದಲ್ಲಿ ದೊಡ್ಡದೊಂದು ಸಾಹಿತ್ಯವೇ ಬೆಳೆದಿದೆ. ಕರಪತ್ರ, ಫಲಕ, ಬೀದಿನಾಟಕ, ಫೋನ್ ಹಚ್ಚಿದೊಡನೆ ಕೇಳಿಸುತ್ತಿದ್ದ ದನಿ, ಕಾಲೇಜುಗಳಲ್ಲಿ ಉಪನ್ಯಾಸ. ಇವುಗಳ ಒಳ್ಳೆಯ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬ ಸುಳ್ಳಿಗೆ ಹೆದರಿ ನಿವೃತ್ತ ಶಿಕ್ಷಕರು ಜೀವಮಾನದ ಉಳಿತಾಯ ಕಳೆದುಕೊಳ್ಳುವ ಕಾಲದಲ್ಲಿ, ಮದುವೆ ಕರೆಯೋಲೆಯ ಹೆಸರಿನಲ್ಲಿ ವಾಟ್ಸಾಪ್‌ಗೆ ಬಂದ ಕಡತ ಒತ್ತಿದೊಡನೆ ಫೋನೇ ಪರರ ವಶವಾಗುವ ಕಾಲದಲ್ಲಿ, ಇಂಥ ಎಚ್ಚರಿಕೆ ಬೇಕೇ ಬೇಕು.

ಆದರೆ ಒಂದು ಬರಹವನ್ನು ವಿಮರ್ಶೆ ಮಾಡುವಾಗ ಅದು ಏನು ಹೇಳುತ್ತದೆ ಎಂಬಷ್ಟೇ ಏನು ಹೇಳುವುದಿಲ್ಲ ಎಂಬುದನ್ನೂ ನೋಡಬೇಕಾಗುತ್ತದೆ. ಈ ಫಲಕಗಳ ಕ್ರಿಯಾಪದಗಳನ್ನು ಗಮನಿಸಿ. ಹೇಳಬೇಡಿ, ಒತ್ತಬೇಡಿ, ನಂಬಬೇಡಿ. ಎಲ್ಲವೂ ನಿಷೇಧ, ಎಲ್ಲವೂ ಗ್ರಾಹಕನಿಗೆ. ‘ನಿಮ್ಮ ದಾಖಲೆಗಳನ್ನು ನಾವು ಹೀಗೆ ಕಾಯುತ್ತೇವೆ’ ಎಂಬ ಒಂದೇ ಒಂದು ವಾಕ್ಯ ಅಲ್ಲಿ ಸಿಗುವುದಿಲ್ಲ.

ಇನ್ನು ಸಂಸ್ಥೆಯ ಕಡೆಯಿಂದಲೇ ಅನಾಹುತವಾದಾಗ ಭಾಷೆ ಹೇಗೆ ಬದಲಾಗುತ್ತದೆ ನೋಡಿ. ‘ಸರ್ವರ್ ಡೌನ್ ಆಗಿದೆ.’ ‘ಹ್ಯಾಕ್ ಆಗಿದೆ.’ ‘ತಾಂತ್ರಿಕ ದೋಷ ಉಂಟಾಗಿದೆ.’ ಮಳೆ ಬಂದಂತೆ, ಗ್ರಹಣ ಹಿಡಿದಂತೆ ಎಲ್ಲವೂ ತಾನಾಗಿ ‘ಆಗಿದೆ’. ಮಾಡಿದವರಿಲ್ಲ, ಮಾಡದೆ ಬಿಟ್ಟವರೂ ಇಲ್ಲ. ತಪ್ಪು ಬಡವನದಾದರೆ ವಾಕ್ಯಕ್ಕೆ ಕರ್ತೃ ಇರುತ್ತಾನೆ: ‘ನೀವು ಓಟಿಪಿ ಹೇಳಿದಿರಿ.’ ತಪ್ಪು ಸಂಸ್ಥೆಯದಾದರೆ ಕರ್ತೃ ಮಾಯವಾಗುತ್ತಾನೆ. ವ್ಯಾಕರಣದ ಈ ಸಣ್ಣ ಜಾರಿಕೆಯ ಹಿಂದೆ ದೊಡ್ಡದೊಂದು ಅನ್ಯಾಯ ಅಡಗಿದೆ ಎಂಬುದು ನಮ್ಮ ದೂರು.

ಹೆಸರು ಅದೇ, ನಂಬರು ಬೇರೆ

ಗ್ರಾಹಕನಿಂದ ಯಾವ ತಪ್ಪೂ ಆಗದೆ ಹಣ ಹೋಗಬಲ್ಲದೇ? ನಮ್ಮ ರಾಜ್ಯದ್ದೇ ಉದಾಹರಣೆ ನೋಡೋಣ. 2025ರ ಜನವರಿಯಲ್ಲಿ ವಿಜಯನಗರ ಜಿಲ್ಲೆಯ ಹೊಸಪೇಟೆಯ ವಿಕಾಸ ಸಹಕಾರಿ ಬ್ಯಾಂಕಿನಿಂದ 2.34 ಕೋಟಿ ರೂಪಾಯಿ ಕಳುವಾಯಿತು. ಸಣ್ಣ ಬ್ಯಾಂಕುಗಳು ಆರ್‌ಟಿಜಿಎಸ್, ನೆಫ್ಟ್ ಮೂಲಕ ಹಣ ಕಳಿಸಲು ದೊಡ್ಡ ಬ್ಯಾಂಕೊಂದರ ನೆರವು ಪಡೆಯುತ್ತವೆ. ಯಾರಿಗೆ, ಯಾವ ಖಾತೆಗೆ, ಎಷ್ಟು ಹಣ ಎಂಬ ಪಟ್ಟಿ ಒಂದು ಕಡತವಾಗಿ ಇಲ್ಲಿಂದ ಅಲ್ಲಿಗೆ ಹೋಗುತ್ತದೆ. ಕಳ್ಳರು ಆ ಕಡತದಲ್ಲಿ ಕೈಯಾಡಿಸಿದರು. ಹಣ ಪಡೆಯಬೇಕಾದವರ ಹೆಸರುಗಳನ್ನು ಹಾಗೆಯೇ ಬಿಟ್ಟು, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಸಂಕೇತಗಳನ್ನು ಮಾತ್ರ ಬದಲಿಸಿದರು. ಹಣ ಉತ್ತರ ಭಾರತದ ಇಪ್ಪತ್ತೈದು ಖಾತೆಗಳಿಗೆ ಹರಿದುಹೋಯಿತು. ಜನವರಿ 6ರಿಂದ 10ರವರೆಗೆ ನಡೆದ ಈ ಕೆಲಸ ಬೆಳಕಿಗೆ ಬಂದದ್ದು ಹಣ ತಲುಪಿಲ್ಲವೆಂಬ ದೂರು ಬಂದ ಮೇಲೆ.

ಇಲ್ಲಿ ಯಾವ ಗ್ರಾಹಕ ಓಟಿಪಿ ಹೇಳಿದ್ದ? ಯಾರು ಲಿಂಕ್ ಒತ್ತಿದ್ದರು? ಚಲನ್ ಬರೆದು, ಸಹಿ ಹಾಕಿ, ರಸೀದಿ ಪಡೆದು ಮನೆಗೆ ಹೋದವರು ಅವರು. ಗೋಡೆಯ ಮೇಲಿನ ಎಲ್ಲ ‘ಬೇಡಿ’ಗಳನ್ನೂ ಪಾಲಿಸಿದ್ದರೂ ಅವರ ಹಣ ಉಳಿಯುತ್ತಿರಲಿಲ್ಲ. ಕಳ್ಳ ನುಗ್ಗಿದ್ದು ಗ್ರಾಹಕನ ಫೋನಿಗಲ್ಲ, ಎರಡು ಸಂಸ್ಥೆಗಳ ನಡುವಿನ ಓಣಿಗೆ.

ಇದು ಒಂಟಿ ಪ್ರಕರಣವಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ವ್ಯವಸ್ಥೆಯೊಳಗೆ ಸೇರಿಕೊಂಡವರು ಸುಮಾರು 94 ಕೋಟಿ ರೂಪಾಯಿ ಎತ್ತಿದರು. ‘ಈ ಕಾರ್ಡಿಗೆ ಹಣ ಕೊಡಲೇ?’ ಎಂದು ಎಟಿಎಂ ಕೇಳುವ ಪ್ರಶ್ನೆ ಬ್ಯಾಂಕಿಗೆ ತಲುಪುವ ಮೊದಲೇ ಕಳ್ಳರ ತಂತ್ರಾಂಶ ‘ಕೊಡು’ ಎಂದು ಉತ್ತರಿಸುತ್ತಿತ್ತು. 28 ದೇಶಗಳ ಎಟಿಎಂಗಳಿಂದ ಹಣ ಹೊರಬಿತ್ತು. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದಿಂದ, ಗುತ್ತಿಗೆದಾರರು ಇಟ್ಟಿದ್ದ ಠೇವಣಿಯ ಹಣದಲ್ಲಿ 11 ಕೋಟಿಗೂ ಹೆಚ್ಚು ಬೇರೆಯವರ ಖಾತೆಗಳಿಗೆ ಹೋಯಿತು.

2024ರ ಜುಲೈ 31ರಂದು ಇನ್ನೊಂದು ಪಾಠ ಸಿಕ್ಕಿತು. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆಯಿತು. ಕಡತಗಳಿಗೆ ಬೀಗ ಜಡಿದು, ಬೀಗ ತೆಗೆಯಲು ಹಣ ಕೇಳುವ ದರೋಡೆಗೆ ಈ ಹೆಸರು. ದೇಶದ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಸೋಂಕು ಹರಡದಂತೆ ಆ ಕಂಪನಿಯ ಸಂಪರ್ಕ ಕಡಿದುಹಾಕಿತು. ಸುಮಾರು ಮುನ್ನೂರು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಕೆಲಸ ಮಾಡಲಿಲ್ಲ. ತಪ್ಪು ಆ ಬ್ಯಾಂಕುಗಳ ಕೌಂಟರಿನಲ್ಲಿ ನಡೆದಿರಲಿಲ್ಲ. ಅವು ನಂಬಿದ್ದ ಕಂಪನಿಯೂ ಪೂರ್ತಿ ಒಂಟಿಯಲ್ಲ. ಅದರೊಂದಿಗೆ ಕೆಲಸ ಮಾಡುತ್ತಿದ್ದ ಇನ್ನೊಂದು ಸಣ್ಣ ಕಂಪನಿಯ ಸರಿಯಾಗಿ ಬಿಗಿಮಾಡದ ಸರ್ವರಿನಿಂದ ದಾಳಿ ಶುರುವಾಯಿತೆಂದು ಭದ್ರತಾ ತಜ್ಞರ ವರದಿ ಹೇಳಿತು. ನಮ್ಮ ಮನೆಯ ಬೀಗ ಎಷ್ಟೇ ಗಟ್ಟಿಯಿರಲಿ, ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿದ್ದರೆ ಆ ಮನೆಯ ಬಾಗಿಲನ್ನೂ ನೋಡಬೇಕು.

ಬೆರಳಚ್ಚು ಕೊಟ್ಟವರ ಪಾಡು

ಹಣದ ವಿಷಯ ಹಾಗಿರಲಿ. ಹಣ ಮತ್ತೆ ದುಡಿಯಬಹುದು, ಪಾಸ್‌ವರ್ಡ್ ಬದಲಿಸಬಹುದು. ಬೆರಳನ್ನು ಬದಲಿಸಲಾದೀತೇ?

2023ರಲ್ಲಿ ಮಂಗಳೂರು, ಬೆಂಗಳೂರು ಮುಂತಾದೆಡೆ ಜನರ ಖಾತೆಗಳಿಂದ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಮಾಯವಾಗತೊಡಗಿತು. ಈ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಸಾಕು. ಓಟಿಪಿ ಬರುವುದಿಲ್ಲ, ಬಾರದ ಓಟಿಪಿಯನ್ನು ಹೇಳದೆ ಇರುವುದರಿಂದ ಪ್ರಯೋಜನವೂ ಇಲ್ಲ. ಹಣ ಕಳೆದುಕೊಂಡ ಹಲವರು ಅದಕ್ಕೆ ಸ್ವಲ್ಪ ಮೊದಲು ಆಸ್ತಿ ನೋಂದಣಿಗೆಂದು ಉಪನೋಂದಣಿ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಿದ್ದರು. ನೋಂದಾಯಿತ ಪತ್ರಗಳಲ್ಲಿನ ಬೆರಳಚ್ಚನ್ನು ನಕಲು ಮಾಡಲಾಗುತ್ತಿದೆ ಎಂಬುದು ಪೊಲೀಸ್ ತನಿಖೆಯಲ್ಲಿ ಕಂಡುಬಂತು, ಬಿಹಾರದಲ್ಲಿ ಬಂಧನಗಳಾದವು. ಬಳಿಕ ಸರ್ಕಾರ ಕಾವೇರಿ ತಂತ್ರಾಂಶದ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು. ಆ ಕ್ರಮ ಮೊದಲೇ ಏಕೆ ಆಗಲಿಲ್ಲ ಎಂಬುದೇ ಪ್ರಶ್ನೆ. ಪಿರಿಯಾಪಟ್ಟಣದಲ್ಲಾಗಲಿ ಕೆ.ಆರ್. ನಗರದಲ್ಲಾಗಲಿ ಎಚ್.ಡಿ. ಕೋಟೆಯಲ್ಲಾಗಲಿ ಜಮೀನು ಭಾಗ ಮಾಡಿಕೊಳ್ಳಲು ಹೋದ ಅಣ್ಣತಮ್ಮಂದಿರು ಬೆರಳಚ್ಚು ಕೊಡಲಾರೆವು ಎನ್ನುವಂತಿಲ್ಲ. ಕಾನೂನೇ ಕೇಳುತ್ತದೆ. ಕೇಳುವ ಅಧಿಕಾರ ಇದ್ದವರಿಗೆ ಕಾಯುವ ಹೊಣೆಯೂ ಇರಬೇಡವೇ?

2025ರ ಆರಂಭದಲ್ಲಿ ಅದೇ ಕಾವೇರಿ ತಂತ್ರಾಂಶ ಮತ್ತೆ ಮತ್ತೆ ನಿಂತಿತು. ಪತ್ರ ಮಾಡಿಸಲು ಬಂದವರು ‘ಸರ್ವರ್ ಇಲ್ಲ’ ಎಂಬ ಉತ್ತರ ಕೇಳಿ ಹಿಂದಿರುಗಿದರು. ಅದು ದೋಷವಲ್ಲ, ದಾಳಿ ಎಂದು ಸರ್ಕಾರ ಆಮೇಲೆ ಪೊಲೀಸರಿಗೆ ದೂರು ಕೊಟ್ಟಿತು. ನಕಲಿ ಖಾತೆಗಳನ್ನು ತೆರೆದು, ಇ.ಸಿ. ಹುಡುಕುವ ನೆಪದಲ್ಲಿ ಲಕ್ಷಗಟ್ಟಲೆ ಕೋರಿಕೆಗಳನ್ನು ಒಮ್ಮೆಲೇ ಸುರಿದು ವ್ಯವಸ್ಥೆಯನ್ನು ಉಸಿರುಗಟ್ಟಿಸಲಾಗಿತ್ತು. ನೂರು ಜನ ಹೋಗುವ ಬಾಗಿಲಿಗೆ ಲಕ್ಷ ಜನರನ್ನು ನುಗ್ಗಿಸಿದಂತೆ.

ಅಮಾನತ್ತು ಮತ್ತು ಅಮಾನತು

ನಮ್ಮ ಭಾಷೆಯಲ್ಲಿ ಒಂದು ಪದದ ಪಾಡನ್ನು ನೋಡಿದರೆ ಈ ಕಥೆಯೆಲ್ಲ ಅರ್ಥವಾಗುತ್ತದೆ. ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಮಸೀದಿಯ ಪ್ರವಚನದಲ್ಲೂ ಮನೆಯ ಮಾತಿನಲ್ಲೂ ನಾವು ಅದನ್ನು ಆ ಅರ್ಥದಲ್ಲೇ ಬಳಸುತ್ತೇವೆ. ಹಳೆಯ ಲೆಕ್ಕಪತ್ರಗಳ ಕನ್ನಡದಲ್ಲಿ ‘ಅಮಾನತ್ತು’ ಎಂದರೆ ಠೇವಣಿ. ಆದರೆ ಇಂದಿನ ಕಚೇರಿಯ ಕನ್ನಡದಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಡುವುದು. ಜನರ ಅಮಾನತ್ತನ್ನು ಕಾಯದ ಸಂಸ್ಥೆ, ಅನಾಹುತವಾದ ಮೇಲೆ ಒಬ್ಬ ಗುಮಾಸ್ತನನ್ನು ಅಮಾನತು ಮಾಡಿ ಕೈತೊಳೆದುಕೊಳ್ಳುತ್ತದೆ. ಚೀಟಿ ಅಂಟಿಸಿದವನು ಗುಮಾಸ್ತ ನಿಜ. ನಾಲ್ಕು ಜನ ಒಂದೇ ಪಾಸ್‌ವರ್ಡ್ ಬಳಸುವ ಪದ್ಧತಿ ಮಾಡಿದವರು ಯಾರು? ಅವನಿಗೆ ತರಬೇತಿ ಕೊಡದವರು ಯಾರು? ಆಡಳಿತ ಮಂಡಳಿಯ ಸಭೆಗಳಲ್ಲಿ ಕಟ್ಟಡದ ಬಣ್ಣದ ಬಗ್ಗೆ ಒಂದು ಗಂಟೆ ಚರ್ಚೆಯಾಗುತ್ತದೆ. ದಾಖಲೆಗಳ ಭದ್ರತೆಯ ಬಗ್ಗೆ ಒಂದು ನಿಮಿಷವಾದರೂ ಮಾತಾಗುತ್ತದೆಯೇ?

ಇದನ್ನು ಬ್ಯಾಂಕುಗಳಿಗೆ ಮಾತ್ರ ಹೇಳಿ ನಾವು ಪಾರಾಗುವಂತಿಲ್ಲ. ಮಸೀದಿಯ ಜಮಾಅತ್ ಇರಲಿ, ದೇವಸ್ಥಾನದ ಟ್ರಸ್ಟ್ ಇರಲಿ, ಖಾಸಗಿ ಶಾಲೆ, ಹಾಲಿನ ಡೇರಿ, ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ಸಂಘ ಇರಲಿ, ಎಲ್ಲರ ಬೀರುವಿನಲ್ಲೂ ಜನರ ಆಧಾರ್ ಜೆರಾಕ್ಸುಗಳ ರಾಶಿ ಇದೆ. ಕೆಲಸ ಮುಗಿದ ಮೇಲೂ ಅವನ್ನು ಹರಿದುಹಾಕುವವರಿಲ್ಲ. 2025ರಲ್ಲಿ ವಕ್ಫ್ ಆಸ್ತಿಗಳ ವಿವರವನ್ನು ‘ಉಮೀದ್’ ಜಾಲತಾಣಕ್ಕೆ ಏರಿಸುವ ಗಡಿಬಿಡಿಯಲ್ಲಿ ಮುತವಲ್ಲಿಗಳು ಮೊಬೈಲನ್ನೇ ಸೈಬರ್ ಸೆಂಟರಿನ ಹುಡುಗನ ಕೈಗೆ ಕೊಟ್ಟು ಚಹಾ ಕುಡಿಯಲು ಹೋದದ್ದನ್ನು ನಾವೇ ಕಂಡಿದ್ದೇವೆ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಪೂರ್ವಜರು ಬಿಟ್ಟುಹೋದ ಆಸ್ತಿಯ ಕಾಗದಗಳ ಭದ್ರತೆ ಒಬ್ಬನ ಒಳ್ಳೆಯತನದ ಮೇಲೆ ನಿಲ್ಲಬಾರದು. ನಂಬಿಕೆ ಬೇಕು, ನಂಬಿಕೆಯ ಜೊತೆ ಲೆಕ್ಕವೂ ಬೇಕು.

ಸಂಸ್ಥೆಗಳು ಮಾಡಬೇಕಾದದ್ದು

‘ನಮ್ಮಂಥ ಸಣ್ಣ ಸಂಸ್ಥೆಗೆ ಇದೆಲ್ಲ ಎಲ್ಲಿಂದ ಬರಬೇಕು? ನಮ್ಮ ಮೇಲೆ ಯಾರು ದಾಳಿ ಮಾಡುತ್ತಾರೆ?’ ಎಂಬ ಮಾತು ಸಾಮಾನ್ಯ. ಹೊಸಪೇಟೆಯ ಬ್ಯಾಂಕು ಜಗತ್ಪ್ರಸಿದ್ಧವೇನಲ್ಲ. ಬ್ರಿಟನ್ನಿನಲ್ಲಿ 158 ವರ್ಷ ನಡೆದ ಕೆಎನ್‌ಪಿ ಎಂಬ ಸಾರಿಗೆ ಕಂಪನಿ 2023ರ ರ‍್ಯಾನ್ಸಮ್‌ವೇರ್ ದಾಳಿಯ ನಂತರ ಮುಚ್ಚಿಹೋಯಿತು. ಸುಮಾರು 700 ಜನರ ಕೆಲಸ ಹೋಯಿತು. ಒಬ್ಬ ನೌಕರನ ಸುಲಭದ ಪಾಸ್‌ವರ್ಡನ್ನು ಊಹಿಸಿ ಕಳ್ಳರು ಒಳಹೊಕ್ಕರೆಂದು ನಂಬಲಾಗಿದೆ. ಅವರು ಹೆಸರು ನೋಡಿ ಬರುವುದಿಲ್ಲ. ಬೀದಿಯ ಎಲ್ಲ ಬಾಗಿಲುಗಳನ್ನೂ ತಳ್ಳಿ ನೋಡುತ್ತಾರೆ, ತೆರೆದ ಕಡೆ ನುಗ್ಗುತ್ತಾರೆ.

ಖರ್ಚಿನ ಮಾತಿಗೂ ಉತ್ತರವಿದೆ. ಮಾಡಬೇಕಾದ ಕೆಲಸಗಳಲ್ಲಿ ಹೆಚ್ಚಿನವು ದುಡ್ಡಿಗಿಂತ ಶಿಸ್ತನ್ನು ಕೇಳುತ್ತವೆ.

ಮೊದಲನೆಯದು, ಒಬ್ಬರಿಗೊಂದು ಪಾಸ್‌ವರ್ಡ್. ಅದು ಉದ್ದವಾಗಿರಲಿ, ಚೀಟಿಯಲ್ಲಿ ಬೇಡ, ಅದರ ಮೇಲೆ ಇನ್ನೊಂದು ಪರೀಕ್ಷೆಯೂ ಇರಲಿ. ಕೆಲಸ ಬಿಟ್ಟುಹೋದವರ ಪ್ರವೇಶವನ್ನು ಅದೇ ದಿನ ಮುಚ್ಚಬೇಕು. ನಿವೃತ್ತನಾದ ಕಾರ್ಯದರ್ಶಿಯ ಹೆಸರಿನಲ್ಲಿ ಎರಡು ವರ್ಷ ವ್ಯವಹಾರ ನಡೆಯುವುದು ನಮ್ಮಲ್ಲಿ ಅಪರೂಪವಲ್ಲ.

ಎರಡನೆಯದು, ಬರೆದವನೇ ಮಂಜೂರು ಮಾಡಬಾರದು. ನಮ್ಮ ಅಂಗಡಿಗಳ ಹಿರಿಯರು ಸಂಜೆ ಗಲ್ಲಾಪೆಟ್ಟಿಗೆಯನ್ನೂ ಕಿರ್ದಿ ಪುಸ್ತಕವನ್ನೂ ತಾಳೆ ನೋಡದೆ ಬಾಗಿಲು ಹಾಕುತ್ತಿರಲಿಲ್ಲ. ಅದೇ ಪದ್ಧತಿ ಇಲ್ಲೂ ಬೇಕು. ನಾವು ಕಳಿಸಿದ ಪಟ್ಟಿ ಮತ್ತು ಅತ್ತ ತಲುಪಿದ ಪಟ್ಟಿಯನ್ನು ಅದೇ ದಿನ ಹೋಲಿಸಬೇಕು, ಹೆಸರನ್ನಷ್ಟೇ ಅಲ್ಲ, ಖಾತೆ ಸಂಖ್ಯೆಯನ್ನೂ. ಕಡತ ದಾರಿಯಲ್ಲಿ ಬದಲಾದರೆ ತಿಳಿಯುವಂತೆ ಡಿಜಿಟಲ್ ಸಹಿಯ ಮೊಹರು ಇರಬೇಕು. ‘ನಮ್ಮ ಖಾತೆ ಬದಲಾಗಿದೆ, ಇನ್ನು ಹೊಸದಕ್ಕೆ ಹಾಕಿ’ ಎಂದು ಇಮೇಲ್ ಬಂದರೆ ಮೊದಲೇ ಗೊತ್ತಿರುವ ನಂಬರಿಗೆ ಕರೆಮಾಡಿ ಕೇಳಬೇಕು. ಈಗ ಅಧ್ಯಕ್ಷರ ದನಿಯನ್ನೇ ಯಂತ್ರದಿಂದ ಅನುಕರಿಸಿ ‘ಕೂಡಲೇ ಹಣ ಹಾಕು’ ಎಂದು ಹೇಳಿಸಬಹುದು. ಎಷ್ಟೇ ದೊಡ್ಡವರು ಹೇಳಿದರೂ ಇಬ್ಬರ ಒಪ್ಪಿಗೆ ಇಲ್ಲದೆ ಹಣ ಹೋಗದು ಎಂಬ ನಿಯಮವೊಂದೇ ಇದಕ್ಕೆ ಮದ್ದು. ಆ ನಿಯಮಕ್ಕೆ ಅಧ್ಯಕ್ಷರೂ ತಲೆಬಾಗಬೇಕು.

ಮೂರನೆಯದು, ದಾಖಲೆಗಳ ಪ್ರತಿ. ಕನಿಷ್ಠ ಒಂದು ಪ್ರತಿಯಾದರೂ ಕಚೇರಿಯ ಜಾಲಕ್ಕೆ ಅಂಟಿಕೊಳ್ಳದೆ ಬೇರೆ ಕಡೆ ಇರಬೇಕು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ದಾಳಿಯಾದಾಗ ಅಲ್ಲಿನ ಸಿಬ್ಬಂದಿ ದಿನಗಟ್ಟಲೆ ಕಾಗದದಲ್ಲೇ ಕೆಲಸ ಮಾಡಬೇಕಾಯಿತು. ಪ್ರತಿ ಇಟ್ಟರಷ್ಟೇ ಸಾಲದು, ಅದರಿಂದ ದಾಖಲೆ ಮರಳಿ ಬರುತ್ತದೆಯೇ ಎಂದು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಇಂದಿನ ದರೋಡೆಕೋರರು ಬೀಗ ಜಡಿಯುವುದಲ್ಲದೆ ದಾಖಲೆಗಳನ್ನು ಕದ್ದು, ಹಣ ಕೊಡದಿದ್ದರೆ ಬಯಲು ಮಾಡುತ್ತೇವೆಂದೂ ಬೆದರಿಸುತ್ತಾರೆ. ಹೀಗಾಗಿ ಬೇಡದ ದಾಖಲೆಯನ್ನು ಇಟ್ಟುಕೊಳ್ಳದಿರುವುದು ಎಲ್ಲಕ್ಕಿಂತ ಅಗ್ಗದ ರಕ್ಷಣೆ. ಇಲ್ಲದ್ದನ್ನು ಯಾರೂ ಕದಿಯಲಾರರು.

ನಾಲ್ಕನೆಯದು, ತಂತ್ರಾಂಶವನ್ನು ಕಾಲಕಾಲಕ್ಕೆ ಸರಿಪಡಿಸುವುದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಜಗತ್ತನ್ನು ನಡುಗಿಸಿತು, ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ಅದರ ದಾರಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕದ್ದ ವಿಂಡೋಸ್ ಹಾಕಿಸಿಕೊಂಡು ನಾಲ್ಕು ಸಾವಿರ ಉಳಿಸುವ ಸಂಸ್ಥೆಗಳು ನಾಲ್ಕು ಸಾವಿರ ಜನರ ಖಾತೆಯನ್ನು ಪಣಕ್ಕಿಡುತ್ತವೆ.

ಐದನೆಯದು, ಸೇವೆ ಕೊಡುವ ಕಂಪನಿಯ ಒಪ್ಪಂದವನ್ನು ಓದುವುದು. ಅನಾಹುತವಾದರೆ ಎಷ್ಟು ಗಂಟೆಯೊಳಗೆ ತಿಳಿಸುತ್ತೀರಿ, ನಮ್ಮ ದಾಖಲೆ ಎಲ್ಲಿದೆ, ಯಾರ ಕೈಗೆಟಕುತ್ತದೆ ಎಂದು ಕೇಳುವುದು.

ಪ್ರತಿ ಹಳ್ಳಿಯ ಸಂಘವೂ ಒಬ್ಬ ತಜ್ಞನನ್ನು ನೇಮಿಸಿಕೊಳ್ಳಲಾರದು, ಒಪ್ಪಿದೆವು. ಆದರೆ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು, ಹಾಲು ಒಕ್ಕೂಟಗಳಿಗೆ ತಾಲ್ಲೂಕಿಗೆ ಒಬ್ಬನನ್ನು ಇಡುವುದು ಕಷ್ಟವಲ್ಲ. ಹಾಲಿನ ಕೊಬ್ಬಿನಂಶ ಅಳೆಯಲು ವ್ಯವಸ್ಥೆ ಮಾಡಿದ ಸಹಕಾರ ಚಳವಳಿಗೆ ದಾಖಲೆಗಳ ಭದ್ರತೆ ಅಳೆಯುವ ವ್ಯವಸ್ಥೆ ಅಸಾಧ್ಯವೇ? ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಂಪ್ಯೂಟರ್ ಬಂದಷ್ಟೇ ಬೇಗ ಅದನ್ನು ಕಾಯುವ ಬುದ್ಧಿಯೂ ಬರಬೇಕು.

ಹೇಳಿಕೊಳ್ಳುವ ಧೈರ್ಯ

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು: ಆದದ್ದನ್ನು ಹೇಳುವುದು. ಇಂಥ ಘಟನೆಯನ್ನು ಅರಿತ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆಮಾಡಬೇಕು, ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಯಲು ಉಳಿದಿರುವುದು ಆ ಮೊದಲ ಗಂಟೆಗಳು ಮಾತ್ರ. ಸೋಂಕಿದ ಕಂಪ್ಯೂಟರನ್ನು ಜಾಲದಿಂದ ಬೇರ್ಪಡಿಸಬೇಕು, ಸಾಕ್ಷ್ಯ ಅಳಿಸಬಾರದು. ಆದರೆ ನಮ್ಮ ಸಂಸ್ಥೆಗಳಲ್ಲಿ ಆ ಗಂಟೆಗಳು ‘ಹೊರಗೆ ಗೊತ್ತಾದರೆ ಮರ್ಯಾದೆ ಏನಾದೀತು’ ಎಂಬ ಗುಸುಗುಸುವಿನಲ್ಲೇ ಕಳೆದುಹೋಗುತ್ತವೆ. ತಪ್ಪು ಒಪ್ಪಿಕೊಂಡ ನೌಕರನನ್ನು ಶಿಕ್ಷಿಸುವ ಕಚೇರಿಯಲ್ಲಿ ಎರಡನೆಯ ನೌಕರ ಬಾಯಿ ಬಿಡುವುದಿಲ್ಲ. ಬೇಗ ಹೇಳಿದವನನ್ನು ಕಾಪಾಡುವ ಕಚೇರಿಯೇ ನಿಜವಾಗಿ ಸುರಕ್ಷಿತ ಕಚೇರಿ.

ಕಾನೂನು ಈಗಾಗಲೇ ಸಂಸ್ಥೆಯನ್ನು ಕರ್ತೃವಾಗಿಸಿದೆ. ಬ್ಯಾಂಕಿನದೇ ಲೋಪದಿಂದ ಹಣ ಹೋದರೆ ಗ್ರಾಹಕನಿಗೆ ಹೊಣೆಯಿಲ್ಲ, ಗ್ರಾಹಕನ ತಪ್ಪೆಂದು ಸಾಬೀತು ಮಾಡುವ ಭಾರ ಬ್ಯಾಂಕಿನದು ಎಂಬ ತತ್ವವನ್ನು ರಿಸರ್ವ್ ಬ್ಯಾಂಕ್ 2017ರಲ್ಲೇ ಸಹಕಾರಿ ಬ್ಯಾಂಕುಗಳಿಗೂ ವಿಧಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದಾಖಲೆ ಪಡೆದವರ ಮೇಲೆ ಕಾಯುವ ಹೊಣೆಯನ್ನು ಹೊರಿಸಿದೆ. ಕಾನೂನು ಹೇಳಿದ್ದನ್ನು ನಮ್ಮ ಗೋಡೆಯ ಫಲಕಗಳು ಮಾತ್ರ ಇನ್ನೂ ಹೇಳಿಲ್ಲ.

ಆ ಫಲಕವನ್ನು ಕಿತ್ತುಹಾಕಿ ಎಂದು ನಾವು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಫಲಕ ಇರಲಿ. ‘ನಿಮ್ಮ ದಾಖಲೆಗಳಲ್ಲಿ ಇವಿಷ್ಟನ್ನು ನಾವು ಇಟ್ಟುಕೊಂಡಿದ್ದೇವೆ. ಹೀಗೆ ಕಾಯುತ್ತೇವೆ. ಪ್ರತಿ ಸಂಜೆ ಲೆಕ್ಕ ತಾಳೆ ನೋಡುತ್ತೇವೆ. ಎಡವಟ್ಟಾದರೆ ಅದೇ ದಿನ ನಿಮಗೆ ತಿಳಿಸುತ್ತೇವೆ.’ ಮುಂದಿನ ಮಹಾಸಭೆಯಲ್ಲಿ ಸದಸ್ಯರು ಲಾಭಾಂಶದ ಪ್ರಶ್ನೆಯ ಜೊತೆಗೆ ಇದನ್ನೂ ಕೇಳಲಿ. ಕೇಳುವ ಹಕ್ಕು ಅವರಿಗಿದೆ. ಆ ಎರಡನೆಯ ಫಲಕ ಬರುವವರೆಗೂ, ಬೆಂಚಿನ ಮೇಲೆ ಕುಳಿತ ಆ ಹಿರಿಯರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.